ಪುನುಗು ಪೂಸಿಕೊಂಡವರು ಮತ್ತು ಬೆಕ್ಕಿನ ಮೂಗು

ಕೆನೆತ್ ಆಂಡರ್ಸನ್ ಎಂಬ ಹೆಸರು ಕನ್ನಡದ ಬಹುಪಾಲು ಓದುಗರಿಗೆ ಪರಿಚಯವಾದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಿಂದ. ಆ ನರಭಕ್ಷಕಗಳ ಕತೆ ಓದಿ ರಾತ್ರಿ ಹಿತ್ತಿಲ ಕಡೆ ಹೋಗಲು ಹೆದರಿದವರು ನನ್ನ ವಾರಿಗೆಯಲ್ಲೂ ಇದ್ದಾರೆ. ಈ ಶಿಕಾರಿ ಮಹಾಶಯ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳಿಕೊಂಡಿರುವುದಿಲ್ಲ. ಅಂಚೆ ಮತ್ತು ತಂತಿ ಇಲಾಖೆಯಲ್ಲಿ 15 ವರ್ಷ ದುಡಿದು, ಆಮೇಲೆ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯ ಯೋಜನಾ ವಿಭಾಗದಲ್ಲಿ ಮ್ಯಾನೇಜರ್ ಆಗಿದ್ದರು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹುಟ್ಟುಹಾಕಿದ ಕಾರ್ಖಾನೆ ಅದು. ಇವತ್ತಿನ ಎಚ್‌ಎಎಲ್. ವಿಮಾನಪುರಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. ನಾನು ಬಾಡಿಗೆಗಿರುವ ಮನೆಯಿಂದ ಅದರ ಕಾಂಪೌಂಡ್ ಗೋಡೆ ನಡೆದು ಹೋಗುವಷ್ಟು ಹತ್ತಿರ.

ಆಂಡರ್ಸನ್ ಕಾಲದ ಶಿಕಾರಿಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು: ಹುಲಿ ಚಿರತೆಗಳ ಕಣ್ಣು ಚುರುಕು, ಕಿವಿ ಇನ್ನೂ ಚುರುಕು, ಆದರೆ ಮೂಗು ಮಂದ. ಮಚಾನಿನ ಮೇಲೆ ಕೂತವನು ಎಲೆ ಅಲುಗಿಸಬಾರದು, ಕೆಮ್ಮಬಾರದು; ಮೈವಾಸನೆಯ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜಿಮ್ ಕಾರ್ಬೆಟ್ ಈ ವಿಚಾರಕ್ಕೆ ಒಂದು ಸ್ವಾರಸ್ಯದ ತಿರುವು ಕೊಟ್ಟರು. ಅವರ ಪ್ರಕಾರ, ಮನುಷ್ಯನಿಗೆ ವಾಸನೆ ಹಿಡಿಯುವ ಶಕ್ತಿ ಇಲ್ಲವೆಂಬುದು ಹುಲಿಗೆ ಗೊತ್ತಿಲ್ಲ. ಹಾಗಾಗಿ ಜಿಂಕೆಯನ್ನು ಸಮೀಪಿಸುವ ಹಾಗೆಯೇ, ತನ್ನ ವಾಸನೆ ಗಾಳಿಯಲ್ಲಿ ಮುಂದೆ ಹೋಗದಂತೆ ಎದುರುಗಾಳಿಯಲ್ಲಿ ಮನುಷ್ಯನ ಮೇಲೂ ಬರುತ್ತದೆ. ಮೂಗಿನ ವಿಷಯದಲ್ಲಿ ಹುಲಿ ನಮಗೆ ನಮ್ಮ ಯೋಗ್ಯತೆಗಿಂತ ಹೆಚ್ಚು ಮರ್ಯಾದೆ ಕೊಡುತ್ತದೆ ಎಂದಾಯಿತು. ಆ ಮರ್ಯಾದೆಯನ್ನು ಶಿಕಾರಿಗಳು ಹಿಂದಿರುಗಿಸಲಿಲ್ಲ.

ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅವರು ನೋಡಿದ್ದು ಸುಳ್ಳಲ್ಲ. ಬೆಕ್ಕಿನ ಕುಲ ಬೇಟೆಯನ್ನು ನಾಯಿಯಂತೆ ಮೂಸಿಕೊಂಡು ಮೈಲಿಗಟ್ಟಲೆ ಹಿಂಬಾಲಿಸುವುದಿಲ್ಲ. ಆದರೆ ಅವರು ಬೆಕ್ಕಿನ ಮೂಗಿಗೆ ಕೇಳಿದ್ದು ಒಂದೇ ಪ್ರಶ್ನೆ, ಬೇಟೆಯ ಪ್ರಶ್ನೆ. ಬೆಕ್ಕಿನ ಮೂಗು ಇರುವುದು ಮುಖ್ಯವಾಗಿ ಬೇರೆಯದೇ ಕೆಲಸಕ್ಕೆ: ಇಲ್ಲಿ ಯಾರು ಬಂದು ಹೋದರು, ಯಾವಾಗ, ಗಂಡೋ ಹೆಣ್ಣೋ, ನಮ್ಮವರೋ ಪರಕೀಯರೋ ಎಂದು ತಿಳಿಯುವುದಕ್ಕೆ.

ಇದನ್ನು ನೋಡಲು ಕಾಡಿಗೆ ಹೋಗಬೇಕಿಲ್ಲ. ನಮ್ಮ ಓನರ್ ಆಂಟಿ ಸಾಕಿರುವ ಬೆಕ್ಕು ಅವರ ಚಪ್ಪಲಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಗ್ಯಾಸ್ ಸಿಲಿಂಡರ್ ತರುವವರು ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮಾತ್ರ ಅದಕ್ಕೆ ಹಬ್ಬ. ಮೂಗನ್ನು ಹೆಬ್ಬೆರಳಿನ ಗುಂಡಿಯಲ್ಲಿಟ್ಟು ನಿಧಾನವಾಗಿ ಮೂಸುತ್ತದೆ, ಆಮೇಲೆ ತಲೆ ಎತ್ತಿ, ಬಾಯಿ ಅರ್ಧ ತೆರೆದು, ಮೇಲ್ದುಟಿ ಸುಕ್ಕಾಗಿಸಿ, ಶೂನ್ಯದಲ್ಲಿ ಕಣ್ಣು ನೆಟ್ಟು ನಿಲ್ಲುತ್ತದೆ. “ನೋಡಮ್ಮ, ಅದಕ್ಕೂ ಆ ನಾತ ತಡೆಯಕ್ಕಾಗಲ್ಲ, ಹೆಂಗೆ ಮುಖ ಸಿಂಡರಿಸ್ತಿದೆ,” ಎನ್ನುತ್ತಾರೆ ಆಂಟಿ. ಸಿಂಡರಿಸಿದ ಮುಖ ಹೌದು, ಅಸಹ್ಯ ಅಲ್ಲ. ಹಳ್ಳಿಯಲ್ಲಿ ಬೆಳೆದವರು ಹೋರಿ ಹಸುವಿನ ಗಂಜಲ ಮೂಸಿ, ಕತ್ತು ಚಾಚಿ, ತುಟಿ ಮಡಚಿ ಹಲ್ಲು ಕಿರಿಯುವುದನ್ನು ಕಂಡಿರುತ್ತಾರೆ. ಎರಡೂ ಒಂದೇ ಕ್ರಿಯೆ. ಜರ್ಮನರು ಇದಕ್ಕೆ ‘ಫ್ಲೆಹ್ಮೆನ್’ ಎಂದು ಹೆಸರಿಟ್ಟರು. ಮೇಲಿನ ಬಾಚಿಹಲ್ಲುಗಳ ಹಿಂದೆ ಅಂಗುಳಿನಲ್ಲಿ ಎರಡು ಸಣ್ಣ ರಂಧ್ರಗಳಿವೆ. ಅವು ಜೇಕಬ್ಸನ್ ಅಂಗ ಎಂಬ ಎರಡನೆಯ ಮೂಗಿಗೆ ದಾರಿ. ಮೊದಲ ಮೂಗು ‘ವಾಸನೆ ಇದೆ’ ಎಂದರೆ, ಈ ಎರಡನೆಯದು ಅದರ ವಿಳಾಸ ಓದುತ್ತದೆ. 2014ರಲ್ಲಿ ಬೆಕ್ಕಿನ ಜೀನೋಮ್ ಪ್ರಕಟವಾದಾಗ ತಿಳಿದದ್ದು, ಈ ಎರಡನೆಯ ಮೂಗಿನ ಗ್ರಾಹಕ ಜೀನುಗಳಲ್ಲಿ ಬೆಕ್ಕಿನ ವೈವಿಧ್ಯ ನಾಯಿಯದ್ದಕ್ಕಿಂತ ಹೆಚ್ಚು. ವಾಸನೆ ಎಂದರೆ ನಾಯಿ ಎಂದು ನಂಬಿದ್ದ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿ.

ಪರಕೀಯ ಮನುಷ್ಯರ ವಾಸನೆಯನ್ನೇ ಹಿಡಿದು ನಡೆದ ಪ್ರಯೋಗವೂ ಇದೆ. ಟೋಕಿಯೋ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 30 ಸಾಕುಬೆಕ್ಕುಗಳ ಮುಂದೆ ಹತ್ತಿಯ ಕಡ್ಡಿಗಳನ್ನಿಟ್ಟರು. ಕಂಕುಳು, ಕಿವಿಯ ಹಿಂಭಾಗ, ಕಾಲ್ಬೆರಳ ಸಂದು, ಈ ಮೂರು ಜಾಗಗಳಿಂದ ಒರೆಸಿ ತೆಗೆದ ವಾಸನೆ. ಒಂದು ಯಜಮಾನನದು, ಒಂದು ಬೆಕ್ಕು ಎಂದೂ ಕಾಣದ ವ್ಯಕ್ತಿಯದು, ಒಂದು ಖಾಲಿ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬೆಕ್ಕುಗಳು ಅಪರಿಚಿತರ ವಾಸನೆಯನ್ನು ಯಜಮಾನನ ವಾಸನೆಗಿಂತ ಸುಮಾರು ಎರಡು ಪಟ್ಟು ಹೊತ್ತು ಮೂಸಿದ್ದವು. ಹೊಸ ವಾಸನೆಗೆ ಮೊದಲು ಬಲ ಹೊಳ್ಳೆಯನ್ನೇ ಹೆಚ್ಚು ಬಳಸಿದ್ದವು. ಮೂಸಿಯಾದ ಮೇಲೆ ಎಷ್ಟೋ ಬೆಕ್ಕುಗಳು ಅದೇ ಕೊಳವೆಗೆ ತಮ್ಮ ಕೆನ್ನೆ ಉಜ್ಜಿದವು. ಅಂದರೆ ಓದಿ, ಕೆಳಗೆ ತಮ್ಮ ಸಹಿಯನ್ನೂ ಹಾಕಿದವು. ಯಜಮಾನನ ವಾಸನೆ ಅವಕ್ಕೆ ಓದಿ ಮುಗಿಸಿದ ಪತ್ರಿಕೆ. ಸಿಲಿಂಡರಿನವರ ಕಾಲು ದಿನವೂ ಐವತ್ತು ಮನೆಗಳ ಸುದ್ದಿ ಹೊತ್ತು ಬರುತ್ತದೆ.

ಇನ್ನೊಂದು ವಿವರ ನನ್ನನ್ನು ಬಹಳ ದಿನ ಕಾಡಿತು. ಮನುಷ್ಯನ ಕಂಕುಳಿನ ಬೆವರಿಗೆ ಆ ವಿಶಿಷ್ಟ ಘಾಟು ಕೊಡುವುದು ಗಂಧಕವುಳ್ಳ ಒಂದು ಬಗೆಯ ಆಲ್ಕೊಹಾಲ್ ಅಣು. 2004ರಲ್ಲಿ ಇದನ್ನು ಗುರುತಿಸಲಾಯಿತು. ಗಂಡು ಬೆಕ್ಕು ಗೋಡೆಗೆ ಸಿಡಿಸುವ ಮೂತ್ರದ ಘಾಟಿಗೆ ಕಾರಣವಾದ ಅಣು ಇದರ ಹತ್ತಿರದ ದಾಯಾದಿ. ಮನುಷ್ಯರ ವಾಸನೆ ಬೆಕ್ಕಿಗೆ ವಿಚಿತ್ರ ಎನ್ನುತ್ತೇವೆ. ಆ ವಿಚಿತ್ರದೊಳಗೆ ಬೆಕ್ಕಿಗೆ ಚೆನ್ನಾಗಿ ಗೊತ್ತಿರುವ ಅಕ್ಷರಗಳೂ ಇರುತ್ತವೆ. ಬೆಕ್ಕಿಗೆ ನಶೆಯೇರಿಸುವ ಗಿಡಗಳಿರುವುದೂ ನಿಜ. ನಮ್ಮ ರಸ್ತೆ ಬದಿಯ ಚರಂಡಿಯ ಅಂಚಿನಲ್ಲಿ ಬೆಳೆಯುವ ಕುಪ್ಪಿಗಿಡದ ಬೇರು ಕಿತ್ತರೆ ಬೆಕ್ಕುಗಳು ಬಂದು ಹೊರಳಾಡುತ್ತವೆ, ತಮಿಳಿನಲ್ಲಿ ಅದಕ್ಕೆ ‘ಪೂನೈ ವಣಂಗಿ’, ಬೆಕ್ಕು ನಮಸ್ಕರಿಸುವ ಗಿಡ, ಎಂಬ ಹೆಸರೇ ಇದೆ. ಅದು ಬೇರೆ ಕತೆ. ನಾನು ಹೇಳಹೊರಟಿರುವುದು ಮನುಷ್ಯರು ತಮ್ಮ ಮೈಗೆ ತಾವೇ ಹಚ್ಚಿಕೊಂಡ ವಾಸನೆಯ ಕತೆ.

2003ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಪ್ಯಾಟ್ ಥಾಮಸ್ ಎಂಬ ಅಧಿಕಾರಿ 24 ಬಗೆಯ ಅಂಗಡಿ ಸುಗಂಧಗಳನ್ನು ಎರಡು ಚೀತಾಗಳ ಮುಂದೆ ಪರೀಕ್ಷಿಸಿದರು. ಒಂದು ದುಬಾರಿ ಸುಗಂಧದ ಹತ್ತಿರ ಅವು ನಿಂತದ್ದು ಸರಾಸರಿ 2 ಸೆಕೆಂಡು. ಕ್ಯಾಲ್ವಿನ್ ಕ್ಲೈನ್ ಕಂಪನಿ ಗಂಡಸರಿಗೆಂದು ಮಾಡಿದ ‘ಅಬ್ಸೆಷನ್’ ಹತ್ತಿರ 11.1 ನಿಮಿಷ. ಮೂಸಿದವು, ಕೆನ್ನೆ ಉಜ್ಜಿದವು, ಬಿಟ್ಟು ಹೋಗಲೊಲ್ಲವು. ಸುದ್ದಿ ಹರಡಿ, ಗ್ವಾಟೆಮಾಲಾದ ಕಾಡಿನಲ್ಲಿ ಜಾಗ್ವಾರ್‌ಗಳನ್ನು ಎಣಿಸುತ್ತಿದ್ದವರು ಕ್ಯಾಮೆರಾಗಳ ಮುಂದೆ ಅದನ್ನೇ ಚಿಮುಕಿಸತೊಡಗಿದರು.

ಅದೇ ಬಾಟಲಿ 2018ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಯವತ್ಮಾಳಕ್ಕೆ ಬಂತು. ಟಿ-1 ಅಥವಾ ಅವನಿ ಎಂದು ಹೆಸರಾದ, 13 ಜನರ ಸಾವಿಗೆ ಕಾರಣವೆಂದು ಆಪಾದಿತವಾದ ಹೆಣ್ಣುಹುಲಿಯನ್ನು ಹಿಡಿಯಲು ಅರಣ್ಯ ಇಲಾಖೆ ಈ ಸುಗಂಧವನ್ನು ಬಳಸಲು ಹೊರಟಿತು. ಹುಲಿ ಮಚಾನಿನ ಕೆಳಗೆ ಬರಲು ಎಮ್ಮೆಕರು ಕಟ್ಟುತ್ತಿದ್ದ ಆಂಡರ್ಸನ್ನರ ಕಾಲದಿಂದ ನಾವು ಇಲ್ಲಿಗೆ ಬಂದು ತಲುಪಿದ್ದೆವು. ನವೆಂಬರ್ 2ರ ರಾತ್ರಿ ಆ ಹುಲಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದಕ್ಕೆ ಹತ್ತು ತಿಂಗಳ ಆಸುಪಾಸಿನ ಎರಡು ಮರಿಗಳಿದ್ದವು. ಪತ್ರಿಕೆಗಳಲ್ಲಿ ಸುಗಂಧದ ಸುದ್ದಿ ತಮಾಷೆಯ ಪೆಟ್ಟಿಗೆ ಸುದ್ದಿಯಾಗಿ ಬಂದು ಹೋಯಿತು. ಹುಲಿಗಳಿಗೂ ಬ್ರ್ಯಾಂಡ್ ಹುಚ್ಚೇ ಎಂದು ನಕ್ಕರು. ಆ ಬಾಟಲಿಯಲ್ಲಿ ಏನಿತ್ತು ಎಂದು ನೋಡಿದರೆ ನಗು ನಮ್ಮ ಕಡೆಗೇ ತಿರುಗುತ್ತದೆ.

ಅದರಲ್ಲಿ ವೆನಿಲ್ಲಾ ಇತ್ತು, ಮಸಾಲೆಗಳಿದ್ದವು, ಜೊತೆಗೆ ಸಿವೆಟೋನ್ ಎಂಬ ವಸ್ತುವಿತ್ತು. ಈಗ ಪ್ರಯೋಗಾಲಯದಲ್ಲಿ ತಯಾರಾಗುವ ಸಿವೆಟೋನ್, ಮೂಲತಃ ಪುನುಗಿನ ಬೆಕ್ಕಿನ ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಬರುವ ಲೋಳೆಯ ಸಾರ. 17 ಇಂಗಾಲಗಳ ದೊಡ್ಡ ಉಂಗುರದಂಥ ಅದರ ರಚನೆಯನ್ನು 1926ರಲ್ಲಿ ಬಿಡಿಸಿ ತೋರಿಸಿದವರು ಲೆಯೋಪೋಲ್ಡ್ ರುಜಿಚ್ಕಾ. ಇಂಥ ಸಂಶೋಧನೆಗಳಿಗಾಗಿ 1939ರ ನೊಬೆಲ್ ಅವರಿಗೆ ಸಂದಿತು. ಪುನುಗಿನ ಬೆಕ್ಕು ಆ ಲೋಳೆಯನ್ನು ಕಲ್ಲಿಗೆ, ಕೊರಡಿಗೆ ಉಜ್ಜುವುದು ‘ನಾನಿಲ್ಲಿದ್ದೇನೆ’ ಎಂದು ಬರೆದಿಡಲು. ನಾವು ಅದನ್ನು ಕಿತ್ತು ತಂದು ನಮ್ಮ ಕತ್ತಿಗೆ ಹಚ್ಚಿಕೊಂಡೆವು. ಚೀತಾ ಬಂದು ಮೂಸಿದ್ದು ಮನುಷ್ಯರ ವಾಸನೆಯನ್ನಲ್ಲ, ಮನುಷ್ಯರು ಕದ್ದ ಒಂದು ಪತ್ರವನ್ನು.

ಈ ಕಳವಿಗೆ ನಮ್ಮ ನಾಡಿನಲ್ಲಿ ದೀರ್ಘ ಇತಿಹಾಸವಿದೆ, ನನ್ನ ಪಿಎಚ್‌.ಡಿ ಕೆಲಸ ಅದರ ಅಂಚಿನಲ್ಲೇ ಸಾಗುತ್ತಿದೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಬಾವಿಗೆ ನೀರು ನೋಡುವುದು, ಗಿಡಗಳ ಆರೈಕೆ ಇವುಗಳ ನಡುವೆ ಸುಗಂಧ ತಯಾರಿಕೆಗೂ ಒಂದು ಅಧ್ಯಾಯ ಇದೆ. ಗೃಹಸ್ಥನಿಗೆ ತಿಳಿದಿರಬೇಕಾದ ವಿದ್ಯೆಗಳಲ್ಲಿ ಇದೂ ಒಂದು ಎಂಬ ಸಹಜ ಭಾವ ಅಲ್ಲಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಲೇಪನ, ಧೂಪಗಳನ್ನು ಅರಸನ ಭೋಗಗಳ ಪಟ್ಟಿಗೆ ಸೇರಿಸಿದ. ಪ್ರಾಣಿಜನ್ಯ ಸುಗಂಧಗಳಲ್ಲಿ ಕಸ್ತೂರಿಯದೇ ಮೊದಲ ಸ್ಥಾನ. ಆದರೆ ಕಸ್ತೂರಿಮೃಗ ಇರುವುದು ಹಿಮಾಲಯದಲ್ಲಿ. ದಕ್ಷಿಣದವರ ಕೈಗೆಟುಕುವಂತಿದ್ದದ್ದು ಪುನುಗು. ಕಸ್ತೂರಿಗಿಂತ ತಡವಾಗಿ ನಮ್ಮ ಗ್ರಂಥಗಳಿಗೆ ಬಂದರೂ ಬಂದ ಮೇಲೆ ಗಟ್ಟಿಯಾಗಿ ನೆಲೆಯೂರಿತು. ‘ಕಸ್ತೂರಿ, ಪುನುಗು, ಜವಾಜಿ’ ಎಂಬ ಸಾಲು ನಡುಗಾಲದ ಕನ್ನಡ ಕಾವ್ಯ ಓದಿದವರಿಗೆಲ್ಲ ಕಿವಿಯಲ್ಲಿ ಉಳಿದಿರುತ್ತದೆ.

ಈ ಜವಾಜಿ ಅಥವಾ ಜವಾದಿ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಅದು ಅರಬ್ಬಿಯ ‘ಝಬಾದ್’ನಿಂದ ಬಂದದ್ದು. ಇಂಗ್ಲಿಷಿನ ‘ಸಿವೆಟ್’ ಕೂಡ ಅದೇ ಅರಬ್ಬಿ ಪದದಿಂದ, ಯುರೋಪಿನ ಭಾಷೆಗಳನ್ನು ಹಾದು ಬಂದದ್ದು. ನಮ್ಮ ಜವಾಜಿಯೂ ಅವರ ಸಿವೆಟೋನೂ ಒಂದೇ ಮನೆಯ ಮಕ್ಕಳು. ಒಂದು ಅರಬ್ಬೀ ಸಮುದ್ರ ದಾಟಿ ಕರಾವಳಿಗೆ ಇಳಿಯಿತು, ಇನ್ನೊಂದು ಪಶ್ಚಿಮಕ್ಕೆ ಹೋಯಿತು. ಪಶ್ಚಿಮದಲ್ಲಿ ಹುಚ್ಚು ಎಷ್ಟಿತ್ತೆಂದರೆ, ‘ರಾಬಿನ್ಸನ್ ಕ್ರೂಸೋ’ ಬರೆಯುವುದಕ್ಕೆ ಎಷ್ಟೋ ವರ್ಷ ಮೊದಲು, 1692ರಲ್ಲಿ, ಡೇನಿಯಲ್ ಡಿಫೋ ಸುಮಾರು 70 ಪುನುಗಿನ ಬೆಕ್ಕುಗಳನ್ನು ಕೊಂಡು ವ್ಯಾಪಾರಕ್ಕಿಳಿದು ಕೈಸುಟ್ಟುಕೊಂಡಿದ್ದ. 1921ರಲ್ಲಿ ಬಂದ ‘ಶನೆಲ್ ನಂ. 5’ರಲ್ಲಿ ನಿಜವಾದ ಪುನುಗು 1998ರವರೆಗೂ ಇತ್ತು.

ನೇರವಾಗಿ ಮೂಸಿದರೆ ಪುನುಗು ಹೊಲಸು ನಾರುತ್ತದೆ. ಸಾವಿರ ಪಾಲು ತೆಳುವಾಗಿಸಿದಾಗ ಮಾತ್ರ ಅದು ಹೂವಿನ ಕಡೆ ವಾಲುತ್ತದೆ. ಹಲಸೂರಿನ ಬೀದಿಗಳಲ್ಲಿ ಕೇಳುವ ತಮಿಳಿನ ‘ನಾಟ್ರಂ’ ಇವತ್ತು ಗಬ್ಬುವಾಸನೆ. ಸಂಗಂ ಕಾಲದಲ್ಲಿ ಅದೇ ಪದ ಹೂವಿನ ಕಂಪಿಗೂ ಸಲ್ಲುತ್ತಿತ್ತು. ಕಂಪಿಗೂ ನಾತಕ್ಕೂ ನಡುವಿನ ಗೋಡೆ ಹಿಂದಿನವರಿಗೆ ಅಷ್ಟು ಎತ್ತರವಾಗಿರಲಿಲ್ಲವೆಂದು ನನಗನ್ನಿಸುತ್ತದೆ. ದೇವರ ವಿಗ್ರಹಕ್ಕೇ ಅದನ್ನು ಹಚ್ಚಿದರಲ್ಲ. ತಿರುಮಲೆಯಲ್ಲಿ ಶುಕ್ರವಾರದ ಅಭಿಷೇಕದ ಜೊತೆ ಪುನುಗು ತೈಲದ ಲೇಪನ ನಡೆಯುತ್ತದೆ, ಈ ಸೇವೆಯ ಉಲ್ಲೇಖ ವಿಜಯನಗರ ಕಾಲದ ಅಲ್ಲಿಯ ಶಾಸನಗಳಲ್ಲೂ ಇದೆ. ಭಾರತೀಯ ಗಂಧದ ಇತಿಹಾಸ ಬರೆದ ಜೇಮ್ಸ್ ಮ್ಯಾಕ್‌ಹ್ಯೂ ಈ ಲೇಪನದ ಬಗ್ಗೆಯೇ ದೀರ್ಘ ಲೇಖನ ಬರೆದಿದ್ದಾರೆ. ಪಂಜರದಲ್ಲಿ ಒಂದು ಗಂಧದ ಕೊರಡು ನೆಟ್ಟು, ಬೆಕ್ಕು ತಾನಾಗಿ ಅದಕ್ಕೆ ಉಜ್ಜಿದ್ದನ್ನು ಕೆರೆದು ತೆಗೆಯುವುದು ನಮ್ಮ ಕಡೆಯ ಕ್ರಮ. ಇಥಿಯೋಪಿಯಾದಲ್ಲಿ ಇಕ್ಕಟ್ಟಿನ ಪಂಜರದಲ್ಲಿ ಹಿಡಿದಿಟ್ಟು ಗ್ರಂಥಿಯಿಂದಲೇ ಕೆರೆಯುತ್ತಾರೆ. ಒಂದು ಇನ್ನೊಂದಕ್ಕಿಂತ ಮೆದು, ಆದರೆ ಎರಡರಲ್ಲೂ ಪಂಜರ ಇದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಪ್ರಾಣಿಯನ್ನು ಖಾಸಗಿಯಾಗಿ ಹಿಡಿದು ಸಾಕುವುದು ಅಪರಾಧ.

ಅಂದ ಹಾಗೆ, ಪುನುಗಿನ ಬೆಕ್ಕು ಬೆಕ್ಕೇ ಅಲ್ಲ. ಜೀವಶಾಸ್ತ್ರದ ಪ್ರಕಾರ ಅದರ ಕುಟುಂಬ ಬೇರೆ. ಬೆಕ್ಕು, ಮುಂಗುಸಿ, ಕತ್ತೆಕಿರುಬಗಳೆಲ್ಲ ಸೇರುವ ದೊಡ್ಡ ಬಳಗದಲ್ಲಿ ದೂರದ ಸಂಬಂಧಿ. ಆದರೂ ಕನ್ನಡ, ಸಂಸ್ಕೃತ (ಗಂಧಮಾರ್ಜಾರ), ಇಂಗ್ಲಿಷ್ ಮೂರೂ ಅದನ್ನು ಬೆಕ್ಕೆಂದೇ ಕರೆದವು. ಚೀತಾದ ಮೂಗು ಕೂಡ ಅದನ್ನು ತನ್ನ ಬಳಗದವರದೆಂದೇ ಓದಿತೇನೋ.

ಕಾಡಿನ ದೊಡ್ಡ ಬೆಕ್ಕುಗಳ ಬರವಣಿಗೆಯನ್ನು ನಮ್ಮವರು ಗಂಭೀರವಾಗಿ ಓದಲು ಶುರುಮಾಡಿದ್ದು ಶಿಕಾರಿಗಳ ಯುಗ ಮುಗಿಯುತ್ತಿದ್ದಾಗ. ಆಂಡರ್ಸನ್ ಇನ್ನೂ ಬರೆಯುತ್ತಿದ್ದ ಹೊತ್ತಿನಲ್ಲೇ, 1967ರಲ್ಲಿ, ಜಾರ್ಜ್ ಷಾಲರ್ ಕಾನ್ಹಾದ ಹುಲಿಗಳ ಬಗೆಗಿನ ತಮ್ಮ ಗ್ರಂಥದಲ್ಲಿ ಅವು ಮರಗಳಿಗೆ ದ್ರವ ಸಿಡಿಸಿ ಗುರುತು ಹಾಕುವುದನ್ನು ವಿವರವಾಗಿ ದಾಖಲಿಸಿದರು. ಬಳಿಕ ಬಂಗಾಳದ ರತನ್‌ಲಾಲ್ ಬ್ರಹ್ಮಚಾರಿ ಆ ದ್ರವದ ರಸಾಯನಶಾಸ್ತ್ರಕ್ಕೇ ಆಯುಷ್ಯ ಮುಡಿಪಿಟ್ಟರು. ಅವರ ತಂಡ ಹುಲಿಯ ಗುರುತಿನ ದ್ರವದಲ್ಲಿ ಪತ್ತೆಹಚ್ಚಿದ ಅಣು ಯಾವುದು ಗೊತ್ತೇ? ಬಾಸ್ಮತಿ ಅಕ್ಕಿಗೆ ಆ ಕಂಪು ಕೊಡುವ ಅಣುವೇ. ಬಿರಿಯಾನಿ ದಮ್ ತೆಗೆದಾಗ ಶಿವಾಜಿನಗರದ ಓಣಿಯಲ್ಲಿ ಏಳುವ ಘಮದ ಒಂದು ಎಳೆ, ಕಾಡಿನಲ್ಲಿ ಹುಲಿಯ ರುಜು. ಬೆಂಗಳೂರಿನ ಹಳೆಯ ಮರಗಳಲ್ಲಿ, ಹೆಂಚಿನ ಸೂರಿನ ಸಂದುಗಳಲ್ಲಿ ಇನ್ನೂ ಉಳಿದಿರುವ ಕಬ್ಬೆಕ್ಕು ಅಥವಾ ಮರಬೆಕ್ಕಿನ ಮೈವಾಸನೆಯೂ ಇದೇ ಬಗೆಯದು. ಎಚ್‌ಎಎಲ್ ಸುತ್ತಮುತ್ತ ಮರಗಳು ದಟ್ಟವಾಗಿರುವ ಕಡೆ ನಡುರಾತ್ರಿ ಎಲ್ಲಿಂದಲೋ ಅನ್ನದ ಘಮ ತೇಲಿ ಬಂದರೆ, ಯಾರದೋ ಮನೆಯಲ್ಲಿ ಒಲೆ ಹೊತ್ತಿದೆ ಎಂದು ತಿಳಿಯಬೇಕಿಲ್ಲ.

ಪುನುಗಿನ ಕತೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಚೀತಾವೂ ಅಲ್ಲ, ಅವನಿಯೂ ಅಲ್ಲ. ಮಲಬಾರ್ ಪುನುಗು ಎಂಬ ಪ್ರಾಣಿ. ಮೇಲೆ ಹೇಳಿದ ಸಣ್ಣ ಪುನುಗಿಗಿಂತ ಇದು ದೊಡ್ಡದು, ಬೆನ್ನ ಮೇಲೆ ಕಪ್ಪು ಜಡೆ, ಮೈಮೇಲೆ ದಪ್ಪ ಮಚ್ಚೆಗಳು. 1862ರಲ್ಲಿ ಎಡ್ವರ್ಡ್ ಬ್ಲೈತ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಐದು ವರ್ಷದ ಬಳಿಕ ಟಿ. ಸಿ. ಜೆರ್ಡಾನ್ ಭಾರತದ ಸಸ್ತನಿಗಳ ಬಗೆಗಿನ ತನ್ನ ಪುಸ್ತಕದಲ್ಲಿ ಇದರ ನೆಲೆಯನ್ನು ಹೊನ್ನಾವರದ ಸೀಮೆಯಿಂದ ಕನ್ಯಾಕುಮಾರಿಯವರೆಗಿನ ಕರಾವಳಿ ಎಂದು ಗುರುತಿಸಿದ. ಕೊಡಗು, ವಯನಾಡಿನ ಕಾಡುಗಳಲ್ಲೂ ಆಗಾಗ ಕಾಣುತ್ತದೆ, ತಿರುವಾಂಕೂರಿನಲ್ಲಿ ಹೇರಳ ಎಂದ. ಅಂದರೆ ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡಗಳೂ ಅದರ ಸೀಮೆಯೊಳಗಿದ್ದವು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದು ಮಾಯವಾಯಿತು. 1987ರಲ್ಲಿ ಉತ್ತರ ಕೇರಳದಲ್ಲಿ ಕೆಲವು ಚರ್ಮಗಳು ಸಿಕ್ಕಾಗ ಇನ್ನೂ ಬದುಕಿದೆ ಎಂಬ ಆಸೆ ಚಿಗುರಿತು. ಗೇರು ತೋಟಗಳಾಗಿ ಬದಲಾಗುತ್ತಿದ್ದ ಕುರುಚಲು ಗುಡ್ಡಗಳಲ್ಲಿ ಹುಡುಕಾಟ ನಡೆಯಿತು. ಇಂದು ಅದು ಜಗತ್ತಿನ ಅತಿ ಅಪಾಯದಂಚಿನ ಸಸ್ತನಿಗಳ ಪಟ್ಟಿಯಲ್ಲಿದೆ. ಉಳಿದಿದ್ದರೂ 250ಕ್ಕಿಂತ ಕಡಿಮೆ ಎಂಬುದು ಅಲ್ಲಿನ ಅಂದಾಜು.

ಕತೆ ಇಲ್ಲಿಗೆ ನಿಂತಿದ್ದರೆ ಅದು ನಮಗೆ ಗೊತ್ತಿರುವ ದುಃಖ. 2010ರಲ್ಲಿ ಆರ್. ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಹಳೆಯ ದಾಖಲೆ, ಸಂಗ್ರಹಾಲಯದ ಚರ್ಮಗಳನ್ನೆಲ್ಲ ಮತ್ತೆ ಪರಿಶೀಲಿಸಿ ಬೇರೆಯದೇ ಪ್ರಶ್ನೆ ಎತ್ತಿದರು. ಮಲಬಾರ್ ಪುನುಗನ್ನು ಅದರ ಕಾಡಿನಲ್ಲಿ ಸ್ವತಃ ಅಭ್ಯಾಸ ಮಾಡಿದ ನಂಬಲರ್ಹ ದಾಖಲೆ ಯಾವುದಿದೆ? ಆಗ್ನೇಯ ಏಷ್ಯಾದ ದೊಡ್ಡ ಮಚ್ಚೆಯ ಪುನುಗನ್ನು ಇದು ಬಹಳ ಹೋಲುತ್ತದೆ. ಮಲಬಾರಿನ ಬಂದರುಗಳು ಸುಗಂಧ ವ್ಯಾಪಾರದ ಹಳೆಯ ಕಟ್ಟೆಗಳು. ಪುನುಗು ತೆಗೆಯಲು ಹಡಗಿನಲ್ಲಿ ತಂದು, ಪಂಜರದಲ್ಲಿಟ್ಟು ಸಾಕಿದ ಪ್ರಾಣಿಗಳೇ ತಪ್ಪಿಸಿಕೊಂಡು, ಇಲ್ಲವೇ ಸತ್ತು ಚರ್ಮವಾಗಿ, ಒಂದು ‘ಸ್ಥಳೀಯ ಪ್ರಭೇದ’ವಾದವೇ?

ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದರಷ್ಟು ವಿಚಿತ್ರವಾದ ದಾಖಲೆ ಇನ್ನೊಂದು ಸಿಕ್ಕಿಲ್ಲ. ನಾವು ತೆರಿಗೆ ಪಟ್ಟಿ, ಶಾಸನ, ಕಾವ್ಯಗಳಲ್ಲಿ ಸುಗಂಧ ವ್ಯಾಪಾರದ ಗುರುತು ಹುಡುಕುತ್ತೇವೆ. ಇಲ್ಲಿ ಒಂದು ಪ್ರಾಣಿಯೇ, ಅದರ ಲ್ಯಾಟಿನ್ ಹೆಸರು ಸಮೇತ, ಆ ವ್ಯಾಪಾರದ ಕೊನೆಯ ರಸೀದಿ ಆಗಿರಬಹುದು. ಅದು ಇಲ್ಲಿಯದ್ದೇ ಆಗಿದ್ದರೆ ನಾವು ಒಂದು ಜೀವಕುಲವನ್ನು ಕಳೆದುಕೊಂಡಿದ್ದೇವೆ. ಅಲ್ಲದಿದ್ದರೆ, ಮನೆಯಿಂದ ಸಾವಿರಾರು ಮೈಲಿ ದೂರದ ಪಂಜರದಲ್ಲಿ, ಓದುವ ಮೂಗು ಒಂದೂ ಇಲ್ಲದ ಊರಿನಲ್ಲಿ, ಗಂಧದ ಕೊರಡಿಗೆ ದಿನವೂ ತಮ್ಮ ವಿಳಾಸ ಉಜ್ಜುತ್ತಿದ್ದ ಪ್ರಾಣಿಗಳ ಕತೆ ಅದು. ಓದಲು ಬಾರದ ನಾವು ಆ ವಿಳಾಸವನ್ನು ಭರಣಿಗಳಲ್ಲಿ ತುಂಬಿ ಮಾರಿದೆವು.

ಕರ್ನಾಟಕದ ಕಾಡುಗಳಲ್ಲಿ 1990ರ ದಶಕದಿಂದ ಕ್ಯಾಮೆರಾಗಳಿವೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ಪಟ್ಟೆ ನೋಡಿ ಎಣಿಸಲು ಅವನ್ನು ಕಟ್ಟಿದ್ದು ಹುಲಿ ತಾನಾಗಿ ನಡೆಯುವ ದಾರಿಗಳಲ್ಲಿ. ಕ್ಯಾಲ್ವಿನ್ ಕ್ಲೈನ್ ಬೇಕಾಗಲಿಲ್ಲ. ಅಂದಿನಿಂದ ಪಶ್ಚಿಮ ಘಟ್ಟದ ಉದ್ದಕ್ಕೂ ಇಂಥ ಕ್ಯಾಮೆರಾಗಳ ಮುಂದೆ ಹುಲಿ, ಚಿರತೆ, ಕಾಡುಬೆಕ್ಕುಗಳು ಹಾದು ಹೋಗಿವೆ. ಮರಬೆಕ್ಕು ಬಂದಿದೆ, ಸಣ್ಣ ಪುನುಗು ಬಂದಿದೆ. ಹೊನ್ನಾವರದಿಂದ ತೆಂಕಕ್ಕೆ ಜೆರ್ಡಾನ್ ಬರೆದಿಟ್ಟ ಆ ದೊಡ್ಡ ಪುನುಗು ಮಾತ್ರ ಒಂದು ಚಿತ್ರದಲ್ಲೂ ಇಲ್ಲ.